ಹೆರಾಯಿನ್ ಬಿಟ್ಟು ಊರಿಗೆ ಬಂದ ಸೈನಿಕರು: 1971ರ ಒಂದು ಪ್ರಕರಣ

1971ರ ಮೇ ತಿಂಗಳು. ಅಮೆರಿಕದ ಇಬ್ಬರು ಸಂಸದರು, ರಾಬರ್ಟ್ ಸ್ಟೀಲ್ ಮತ್ತು ಮಾರ್ಗನ್ ಮರ್ಫಿ, ಹಲವು ದೇಶ ಸುತ್ತಿ ಬಂದು ಒಂದು ವರದಿ ಕೊಟ್ಟರು. ವಿಯೆಟ್ನಾಂನಲ್ಲಿರುವ ತಮ್ಮ ಸೈನಿಕರಲ್ಲಿ ನೂರಕ್ಕೆ 10ರಿಂದ 15 ಮಂದಿ ಹೆರಾಯಿನ್ ಹಚ್ಚಿಕೊಂಡಿದ್ದಾರೆ ಎಂದು ಅದರಲ್ಲಿತ್ತು. ಓದಿದವರು ಬೆಚ್ಚಿಬಿದ್ದರು. ಅದು ಸೇನೆಯನ್ನು ಹಂತಹಂತವಾಗಿ ವಾಪಸ್ ಕರೆಸಿಕೊಳ್ಳುತ್ತಿದ್ದ ಕಾಲ. 1969ರಲ್ಲಿ 5.4 ಲಕ್ಷದ ಮೇಲಿದ್ದ ಸೈನಿಕರ ಸಂಖ್ಯೆ ಸರಸರ ಇಳಿಯುತ್ತಿತ್ತು. ತಿಂಗಳು ತಿಂಗಳೂ ಸಾವಿರಾರು ಹುಡುಗರು ಊರಿಗೆ ಮರಳುತ್ತಿದ್ದರು. ಅವರ ಜೊತೆಗೆ ಚಟವೂ ಮನೆಗೆ ಬಂದರೆ ಗತಿ ಏನು?

ಆ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ 1935ರಿಂದ ಸರ್ಕಾರವೇ ನಡೆಸುತ್ತಿದ್ದ ದೊಡ್ಡ ವ್ಯಸನಮುಕ್ತಿ ಆಸ್ಪತ್ರೆ ಇತ್ತು. ಅರ್ಧ ಜೈಲು, ಅರ್ಧ ಆಸ್ಪತ್ರೆ, ಜೊತೆಗೆ ಹೊಲಗದ್ದೆ, ದನಕರು. ತಿಂಗಳುಗಟ್ಟಲೆ ಅಲ್ಲಿ ಕೆಲಸ ಮಾಡಿಕೊಂಡು, ನಶೆಯ ಸೋಂಕಿಲ್ಲದೆ ಇದ್ದು ಹೊರಟವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಊರು ಸೇರಿದ ಮೇಲೆ ಮತ್ತೆ ಶುರು ಹಚ್ಚಿಕೊಳ್ಳುತ್ತಿದ್ದರು. ಹೀಗಾಗಿ ಹೆರಾಯಿನ್ ಒಮ್ಮೆ ಹಿಡಿದರೆ ಸಾಯುವ ತನಕ ಬಿಡುವುದಿಲ್ಲ ಎಂಬ ಮಾತು ವೈದ್ಯರಲ್ಲೂ ಗಟ್ಟಿಯಾಗಿ ಬೇರೂರಿತ್ತು.

ಮುಂದಿನ ಮೂರು ವರ್ಷದಲ್ಲಿ ನಡೆದದ್ದು ಈ ಮಾತಿಗೆ ಪೂರ್ತಿ ಉಲ್ಟಾ. ಹಳೆಯ ಅಭ್ಯಾಸ ಬಿಡುವುದು ಹೇಗೆ ಎಂದು ಯೋಚಿಸುವವರು ನೋಡಲೇಬೇಕಾದ ಪ್ರಕರಣ ಇದು ಅಂತ ನನ್ನ ಅನಿಸಿಕೆ. ಆದರೆ ಇದನ್ನು ಸಾಮಾನ್ಯವಾಗಿ ಹೇಳುವ ರೀತಿಯಲ್ಲಿ ಅರ್ಧ ಸಂಗತಿ ಬಿಟ್ಟೇ ಹೋಗುತ್ತದೆ. ಅದನ್ನೂ ಸೇರಿಸಿ ಹೇಳುವುದು ಇಲ್ಲಿನ ಉದ್ದೇಶ.

ಚಟ ಹತ್ತಿದ ಬಗೆ

ವಿಯೆಟ್ನಾಂನಲ್ಲಿ ಮೊದಲು ಓಡುತ್ತಿದ್ದದ್ದು ಗಾಂಜಾ. ಸೇನಾಧಿಕಾರಿಗಳು ಅದರ ಮೇಲೆ ಮುಗಿಬಿದ್ದರು. ಗಾಂಜಾಕ್ಕೆ ವಾಸನೆ ಜಾಸ್ತಿ, ಬಚ್ಚಿಡಲು ಜಾಗ ಬೇಕು, ಸಿಕ್ಕಿಬೀಳುವುದು ಸುಲಭ. 1970ರ ಹೊತ್ತಿಗೆ ಬರ್ಮಾ, ಲಾವೋಸ್, ಥಾಯ್ಲೆಂಡ್ ಗಡಿಗಳು ಕೂಡುವ ಸೀಮೆಯಿಂದ ಹೆರಾಯಿನ್ ದಂಡಿಯಾಗಿ ಬರತೊಡಗಿತು. ಸಣ್ಣ ಪ್ಲಾಸ್ಟಿಕ್ ಸೀಸೆ, ಬಿಳಿ ಪುಡಿ, ಬೆಲೆ ಕೆಲವೇ ಡಾಲರ್. ಪುಡಿ ಎಷ್ಟು ಶುದ್ಧ ಎಂದರೆ ಸೂಜಿ ಚುಚ್ಚಿಕೊಳ್ಳುವ ಅಗತ್ಯವೇ ಇರಲಿಲ್ಲ. ಸಿಗರೇಟಿನಿಂದ ಸ್ವಲ್ಪ ತಂಬಾಕು ಉದುರಿಸಿ, ಆ ಜಾಗಕ್ಕೆ ಪುಡಿ ತುಂಬಿ ಸೇದಿದರೆ ಆಯಿತು. ಪಕ್ಕದಲ್ಲಿ ನಿಂತ ಅಧಿಕಾರಿಗೂ ಅದು ಬರೀ ಸಿಗರೇಟು.

ಯುದ್ಧದ ಭೀಕರತೆ ತಡೆಯಲಾರದೆ ಹುಡುಗರು ನಶೆಗೆ ಬಿದ್ದರು ಅಂತ ನಾವು ಊಹಿಸಿಬಿಡುತ್ತೇವೆ. ಆಮೇಲೆ ನಡೆದ ಅಧ್ಯಯನಕ್ಕೆ ಇದಕ್ಕೆ ಪುರಾವೆ ಸಿಗಲಿಲ್ಲ. ಕಾಳಗ ಕಂಡವರಿಗಿಂತ ಕಾಣದವರು ಕಡಿಮೆ ಸೇದಿದ್ದರು ಎಂದೇನೂ ಇರಲಿಲ್ಲ. ಎಷ್ಟೋ ಜನ ಅಲ್ಲಿಗೆ ಕಾಲಿಟ್ಟ ಕೆಲವೇ ತಿಂಗಳಲ್ಲಿ ಶುರು ಮಾಡಿದ್ದರು. ಯಾಕೆ ಎಂದು ಕೇಳಿದರೆ ಸಿಕ್ಕ ಉತ್ತರ ತೀರಾ ಸಪ್ಪೆ. ಖುಷಿ ಆಗುತ್ತಿತ್ತು, ಸೇನೆಯ ದಿನಗಳನ್ನು ಹೇಗೋ ತಳ್ಳಲು ಆಗುತ್ತಿತ್ತು, ಅಷ್ಟೇ.

ಈ ಸಪ್ಪೆ ಉತ್ತರವನ್ನು ನಾನು ನಂಬುತ್ತೇನೆ. ಸೇನೆಯಲ್ಲಿ ಒಬ್ಬೊಬ್ಬರಿಗೂ 12 ತಿಂಗಳ ಪಾಳಿ. ಇಡೀ ತುಕಡಿ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಿರಲಿಲ್ಲ. ಒಬ್ಬೊಬ್ಬನೂ ಒಂಟಿಯಾಗಿ ಬಂದು, ತನ್ನ ದಿನ ಎಣಿಸಿಕೊಂಡು, ಒಂಟಿಯಾಗಿ ಹೋಗಬೇಕು. ಗುರುತಿನವರಿಲ್ಲ, ಅಪ್ಪ ಅಮ್ಮ ಇಲ್ಲ, ಸಂಜೆ ಏನು ಮಾಡಿದೆ ಅಂತ ಕೇಳುವವರಿಲ್ಲ. ಕೈಯಲ್ಲಿ ಸಂಬಳ ಇದೆ, ಖರ್ಚಿಗೆ ದಾರಿ ಇಲ್ಲ. ಪಕ್ಕದ ಮಂಚದವನು ಸೇದುತ್ತಿದ್ದಾನೆ. ಶುರುವಾಗಲು ಇನ್ನೇನು ಬೇಕು?

ವಿಮಾನದ ಮೆಟ್ಟಿಲ ಮುಂದೆ

1971ರ ಜೂನ್ 17ರಂದು ಅಧ್ಯಕ್ಷ ನಿಕ್ಸನ್ ಮಾದಕ ವ್ಯಸನವನ್ನು ದೇಶದ ನಂಬರ್ ಒನ್ ಶತ್ರು ಎಂದು ಕರೆದರು. ಅದಕ್ಕಾಗಿ ಒಂದು ವಿಶೇಷ ಕಚೇರಿ ತೆರೆದು, ಶಿಕಾಗೋದಲ್ಲಿ ವ್ಯಸನಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ ಮನೋವೈದ್ಯ ಜೆರೋಮ್ ಜಾಫಿಯನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿದರು. ಜಾಫಿ ಕೊಟ್ಟ ಸಲಹೆ ಬಹಳ ಸರಳ. ವಿಯೆಟ್ನಾಂ ಬಿಡುವ ಪ್ರತಿ ಸೈನಿಕನೂ ವಿಮಾನ ಹತ್ತುವ ಮೊದಲು ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆರಾಯಿನ್ ಕಂಡುಬಂದರೆ ವಿಮಾನ ತಪ್ಪುತ್ತದೆ. ಅಲ್ಲೇ ಸುಮಾರು ಒಂದು ವಾರ ಉಳಿಸಿಕೊಂಡು ನಶೆ ಇಳಿಸುತ್ತಾರೆ. ಆಮೇಲೆ ಊರಿಗೆ.

ಅದೇ ತಿಂಗಳು ಲಾಂಗ್ ಬಿನ್ ಮತ್ತು ಕ್ಯಾಮ್ ರಾನ್ ಬೇ ನೆಲೆಗಳಲ್ಲಿ ಪರೀಕ್ಷೆಯ ಯಂತ್ರ ಕೂತವು. ಈ ಕಾರ್ಯಕ್ರಮ 'ಆಪರೇಷನ್ ಗೋಲ್ಡನ್ ಫ್ಲೋ' ಎಂದೇ ಹೆಸರಾಯಿತು. ಬಣ್ಣ ನೋಡಿ ಇಟ್ಟ ಹೆಸರು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇದರ ಜೊತೆಗೇ ಇನ್ನೊಂದು ಬದಲಾವಣೆ ಆಯಿತು. ಅದನ್ನು ಬಹಳ ಜನ ಗಮನಿಸುವುದಿಲ್ಲ. ಅಲ್ಲಿಯ ತನಕ ನಶೆ ಮಾಡಿ ಸಿಕ್ಕಿಬಿದ್ದವನ ಮೇಲೆ ಸೇನಾ ನ್ಯಾಯಾಲಯದಲ್ಲಿ ಕೇಸು ಹಾಕಬಹುದಿತ್ತು. ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿದ್ದಕ್ಕೆ ಆ ಶಿಕ್ಷೆ ಇಲ್ಲ ಎಂದಾಯಿತು. ಅಂದರೆ ಜೈಲಿನ ಭಯ ತೆಗೆದು, ಆ ಜಾಗಕ್ಕೆ ಊರಿನ ಆಸೆ ಇಟ್ಟರು. ಒಂದು ವರ್ಷದಿಂದ ದಿನ ಎಣಿಸುತ್ತಿದ್ದವನಿಗೆ ಒಂದು ವಾರ ತಡವಾಗುವುದು ಸಣ್ಣ ವಿಷಯ ಅಲ್ಲ.

ಈ ನಿಯಮದಲ್ಲಿ ನನಗೆ ಮೆಚ್ಚುಗೆಯಾಗುವುದು ಅದು ಏನನ್ನು ಕೇಳಲಿಲ್ಲ ಎಂಬುದು. ಇನ್ನು ಜೀವಮಾನದಲ್ಲಿ ಮುಟ್ಟುವುದಿಲ್ಲ ಅಂತ ಆಣೆ ಮಾಡು ಎನ್ನಲಿಲ್ಲ. ತಪ್ಪಾಯಿತು ಅಂತ ಬರೆದುಕೊಡು ಎನ್ನಲಿಲ್ಲ. ಕೇಳಿದ್ದು ಕೆಲವು ದಿನ ಮಾತ್ರ. ಪರೀಕ್ಷೆ ಇದೆ ಎಂಬ ಸುದ್ದಿ ಹರಡಿದ ಮೇಲೆ ಎಷ್ಟೋ ಜನ ತಾವಾಗಿಯೇ ಮುಂಚಿತವಾಗಿ ನಿಲ್ಲಿಸಿಬಿಟ್ಟರು. ಮೈ ನೋವು, ವಾಂತಿ, ನಿದ್ದೆಯಿಲ್ಲದ ರಾತ್ರಿ ಎಲ್ಲವನ್ನೂ ಅಲ್ಲೇ ಅನುಭವಿಸಿ, ಪರೀಕ್ಷೆ ಪಾಸಾಗಿ ವಿಮಾನ ಹತ್ತಿದರು.

ಹುಡುಕಿಕೊಂಡು ಹೋಗಿ ಕೇಳಿದವರು

ಊರಿಗೆ ಬಂದವರು ಏನಾದರು? ಇದನ್ನು ತಿಳಿಯಲು ಜಾಫಿಯ ಕಚೇರಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೀ ರಾಬಿನ್ಸ್ ಅವರನ್ನು ಕೇಳಿಕೊಂಡಿತು. ಓದಿದ್ದು ಸಮಾಜಶಾಸ್ತ್ರ, ಕೆಲಸ ಮನೋವೈದ್ಯ ವಿಭಾಗದಲ್ಲಿ. ಮಕ್ಕಳ ಚಿಕಿತ್ಸಾಲಯವೊಂದಕ್ಕೆ ಹಿಂದೆ ಬಂದಿದ್ದವರನ್ನು 30 ವರ್ಷದ ಮೇಲೆ ಪತ್ತೆ ಹಚ್ಚಿ ಮಾತಾಡಿಸಿ ಆಗಲೇ ಹೆಸರು ಮಾಡಿದ್ದರು. ಕಳೆದುಹೋದವರನ್ನು ಹುಡುಕುವುದರಲ್ಲಿ ಗಟ್ಟಿಗಿತ್ತಿ.

ರಾಬಿನ್ಸ್ ಆರಿಸಿಕೊಂಡದ್ದು 1971ರ ಸೆಪ್ಟೆಂಬರ್‌ನಲ್ಲಿ ವಿಯೆಟ್ನಾಂ ಬಿಟ್ಟ ಭೂಸೇನೆಯ ಸಿಪಾಯಿಗಳನ್ನು. ಅಂಥವರು ಸುಮಾರು 13,760 ಜನ. ಅವರಲ್ಲಿ ಸುಮಾರು 1,400 ಮಂದಿಯ ಪರೀಕ್ಷೆಯಲ್ಲಿ ನಶೆ ಸಿಕ್ಕಿತ್ತು. ರಾಬಿನ್ಸ್ ಎರಡು ಗುಂಪು ಮಾಡಿದರು. ಒಂದು, ಎಲ್ಲರ ಪಟ್ಟಿಯಿಂದ ಹಾಗೇ ಎತ್ತಿದ ಹೆಸರುಗಳು. ಇನ್ನೊಂದು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಿಂದ ಎತ್ತಿದ ಹೆಸರುಗಳು. ಎರಡೂ ಸೇರಿ 900ರ ಆಸುಪಾಸು ಜನರನ್ನು 1972ರಲ್ಲಿ, ಅವರು ಬಂದ 8ರಿಂದ 12 ತಿಂಗಳ ಒಳಗೆ, ದೇಶದ ಮೂಲೆಮೂಲೆಯಲ್ಲಿ ಹುಡುಕಿ ಮಾತಾಡಿಸಿದರು. ಪಟ್ಟಿಯಲ್ಲಿದ್ದವರಲ್ಲಿ ನೂರಕ್ಕೆ 95ಕ್ಕೂ ಜಾಸ್ತಿ ಮಂದಿ ಸಿಕ್ಕರು. ಕೊನೆಯಲ್ಲಿ ಮೂತ್ರದ ಮಾದರಿಯನ್ನೂ ಕೇಳಿದರು. ಬಾಯಿಮಾತನ್ನು ನಂಬಿ ಕೂರುವ ಹೆಂಗಸಲ್ಲ ಅವರು.

ಸಿಕ್ಕ ಲೆಕ್ಕ ಇದು. ವಿಯೆಟ್ನಾಂನಲ್ಲಿದ್ದಾಗ ಸುಮಾರು ಅರ್ಧದಷ್ಟು ಜನ ಹೆರಾಯಿನ್ ಅಥವಾ ಅಫೀಮಿನ ರುಚಿ ನೋಡಿದ್ದರು. ಐವರಲ್ಲಿ ಒಬ್ಬ, ಹೌದು, ನನಗೆ ಚಟ ಹತ್ತಿತ್ತು ಎಂದು ಒಪ್ಪಿಕೊಂಡ. ಸಂಸದರ ವರದಿ ಹೇಳಿದ್ದಕ್ಕಿಂತ ಪರಿಸ್ಥಿತಿ ಕೆಟ್ಟದಾಗಿಯೇ ಇತ್ತು. ಆದರೆ ಅಲ್ಲಿ ಚಟಕ್ಕೆ ಬಿದ್ದವರಲ್ಲಿ, ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ 5 ಮಾತ್ರ. 1974ರಲ್ಲಿ ಎರಡನೇ ಸಲ ಹುಡುಕಿ ಕೇಳಿದಾಗ, ಮೂರು ವರ್ಷದಲ್ಲಿ ಯಾವಾಗಲಾದರೂ, ಸ್ವಲ್ಪ ದಿನಕ್ಕಾದರೂ ಮತ್ತೆ ಚಟಕ್ಕೆ ಸಿಕ್ಕಿದ್ದವರು ನೂರಕ್ಕೆ 12. ಲೆಕ್ಸಿಂಗ್ಟನ್ ಆಸ್ಪತ್ರೆಯ ಅನುಭವದ ಪಕ್ಕ ಇದನ್ನಿಟ್ಟು ನೋಡಿ. ಇನ್ನೂ ಒಂದು ಮಾತಿದೆ. ಬಿಟ್ಟವರಲ್ಲಿ ಬಹುತೇಕರು ಊರಿಗೆ ಬಂದ ಮೇಲೆ ಯಾವ ಚಿಕಿತ್ಸೆಗೂ ಹೋಗಿರಲಿಲ್ಲ.

ಯಾರೂ ನಂಬಲಿಲ್ಲ. ಸರ್ಕಾರದ ದುಡ್ಡು, ಸರ್ಕಾರಕ್ಕೆ ಬೇಕಾದ ಉತ್ತರ ಅಂತ ಅನುಮಾನಪಟ್ಟವರು ಬಹಳ. ರಾಬಿನ್ಸ್ ಇದಕ್ಕೆ ಇಪ್ಪತ್ತು ವರ್ಷ ಉತ್ತರ ಕೊಡುತ್ತಲೇ ಇದ್ದರು. 1993ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ಈ ಪ್ರಶ್ನೆ ಎತ್ತಿದ್ದರು: ಇದು ಅಕಸ್ಮಾತ್ತಾಗಿ ಆದದ್ದೋ, ಅಥವಾ ಇದೇ ಸಹಜವೋ?

ಬಿಟ್ಟದ್ದು ಜಾಗವೋ, ಮನುಷ್ಯನೋ

ನಮ್ಮಲ್ಲಿ ಚಟದ ಮಾತು ಬಂದರೆ ಎರಡು ಗಾದೆ ಎದ್ದು ಬರುತ್ತವೆ. 'ಹುಟ್ಟುಗುಣ ಸುಟ್ಟರೂ ಹೋಗದು' ಎನ್ನುವವರು ಮನುಷ್ಯನ ಒಳಗನ್ನು ದೂರುತ್ತಾರೆ. 'ಸಹವಾಸದಿಂದ ಸನ್ಯಾಸಿ ಕೆಟ್ಟ' ಎನ್ನುವವರು ಸುತ್ತಲಿನವರನ್ನು ದೂರುತ್ತಾರೆ. ವಿಯೆಟ್ನಾಂ ಪ್ರಕರಣ ಕೇಳಿದ ತಕ್ಷಣ ಎರಡನೇ ಗಾದೆ ಗೆದ್ದಿತು ಅನಿಸುತ್ತದೆ. ಪುಸ್ತಕಗಳಲ್ಲಿ, ಭಾಷಣಗಳಲ್ಲಿ ಈ ಕಥೆ ಹಾಗೇ ಬರುತ್ತದೆ. ಜಾಗ ಬದಲಾಯಿಸಿ, ಚಟ ತಾನಾಗಿ ಉದುರುತ್ತದೆ!

ಇದರಲ್ಲಿ ನಿಜ ಇದೆ. ಜಾಗಕ್ಕೂ ಚಟಕ್ಕೂ ಇರುವ ನಂಟು ಮೈಯೊಳಗೇ ಇಳಿದಿರುತ್ತದೆ. ಲೆಕ್ಸಿಂಗ್ಟನ್‌ನಲ್ಲೇ ಕೆಲಸ ಮಾಡುತ್ತಿದ್ದ ಏಬ್ರಹಾಂ ವಿಕ್ಲರ್ ಎಂಬ ವೈದ್ಯರು 1940ರ ದಶಕದಲ್ಲಿ ಒಂದು ವಿಚಿತ್ರ ಗಮನಿಸಿದರು. ನಶೆ ಬಿಟ್ಟು ತಿಂಗಳುಗಳಾದ ರೋಗಿಗಳು ಗುಂಪಲ್ಲಿ ಕೂತು ನಶೆಯ ಮಾತು ಆಡುವಾಗ ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಆಕಳಿಕೆ ಬರುತ್ತಿತ್ತು. ನಶೆ ಸಿಗದಿದ್ದಾಗ ಆಗುವ ಸಂಕಟವೇ ಅದು. ಹಳೆಯ ಬೀದಿಗೆ ಮರಳಿದಾಗಲೂ ಹೀಗೇ ಆಗುತ್ತದೆ ಎಂದು ಅವರು ಹೇಳುತ್ತಿದ್ದರು. 1982ರಲ್ಲಿ ಶೆಪರ್ಡ್ ಸೀಗಲ್ ಇಲಿಗಳ ಮೇಲೆ ಮಾಡಿದ ಪ್ರಯೋಗ ಇನ್ನೂ ಕಣ್ಣಿಗೆ ಹೊಡೆಯುವಂಥದ್ದು. ಹೆರಾಯಿನ್‌ಗೆ ಒಗ್ಗಿದ ಇಲಿಗಳಿಗೆ ಒಮ್ಮೆಲೇ ದೊಡ್ಡ ಪ್ರಮಾಣ ಕೊಟ್ಟರು. ಎಂದಿನ ಕೋಣೆಯಲ್ಲಿ ಕೊಟ್ಟಾಗ ನೂರಕ್ಕೆ 32 ಸತ್ತವು. ಅಷ್ಟನ್ನೇ ಹೊಸ ಕೋಣೆಯಲ್ಲಿ ಕೊಟ್ಟಾಗ ನೂರಕ್ಕೆ 64. ಹಳೆಯ ಕೋಣೆ ಕಂಡೊಡನೆ ಮೈ ತಾನಾಗಿ ತಯಾರಾಗುತ್ತಿತ್ತು. ಹೊಸ ಕೋಣೆಯಲ್ಲಿ ಆ ತಯಾರಿ ಇರಲಿಲ್ಲ.

ಲೆಕ್ಸಿಂಗ್ಟನ್‌ನಿಂದ ಹೋದವರು ಮರಳುತ್ತಿದ್ದದ್ದು ತಾವು ನಶೆ ಕಲಿತ ಅದೇ ಕೇರಿಗೆ, ಅದೇ ಗೆಳೆಯರ ಬಳಿಗೆ. ಸೈನಿಕರು ಮರಳಿದ್ದು ನಶೆ ಕಲಿಯುವ ಮೊದಲು ಬಾಳಿದ್ದ ಊರಿಗೆ. ಅಡುಗೆಮನೆ, ಚರ್ಚು, ಗ್ಯಾರೇಜು, ಹುಡುಗಿ. ಅಲ್ಲಿ ಯಾವ ವಸ್ತುವೂ ಹೆರಾಯಿನ್ ನೆನಪಿಸುವಂಥದ್ದಲ್ಲ.

ಆದರೆ ಇಲ್ಲಿಗೆ ನಿಲ್ಲಿಸಿದರೆ ಕಥೆ ಅರ್ಧ. ಮೂರು ವರ್ಷದ ಲೆಕ್ಕದಲ್ಲಿ ಇನ್ನೊಂದು ಸಾಲಿದೆ. ವಿಯೆಟ್ನಾಂನಲ್ಲಿ ಚಟಕ್ಕೆ ಬಿದ್ದಿದ್ದವರಲ್ಲಿ ಅರ್ಧದಷ್ಟು ಜನ ಊರಿಗೆ ಬಂದ ಮೇಲೂ ಹೆರಾಯಿನ್ ಮುಟ್ಟಿದ್ದರು! ಅವರ ಊರಲ್ಲೂ ಅದು ಸಿಗುತ್ತಿತ್ತು, ಹುಡುಕಿ ತಗೊಂಡಿದ್ದರು. ಆದರೂ ಮತ್ತೆ ಚಟವಾದದ್ದು ಎಂಟರಲ್ಲಿ ಒಬ್ಬನಿಗೆ ಮಾತ್ರ. ವಾರಕ್ಕೆ ಒಂದು ಸಲಕ್ಕಿಂತ ಜಾಸ್ತಿ, ಬಹಳ ಕಾಲ ಬಳಸಿದವರಲ್ಲೂ ಮತ್ತೆ ಚಟಕ್ಕೆ ಬಿದ್ದವರು ಅರ್ಧದಷ್ಟು ಮಾತ್ರ.

ಈ ಸಾಲನ್ನು ಯಾಕೆ ಬಿಡುತ್ತಾರೆ ಅಂತ ಅರ್ಥವಾಗುತ್ತದೆ. ಇದು ಕಥೆಯ ಅಂದ ಕೆಡಿಸುತ್ತದೆ. ಒಂದು ದಮ್ಮು ಎಳೆದರೂ ಎಲ್ಲ ಮುಗಿಯಿತು ಎನ್ನುವವರಿಗೂ ಇದು ಬೇಡ, ಜಾಗ ಬದಲಾದರೆ ಸಾಕು ಎನ್ನುವವರಿಗೂ ಬೇಡ. ನನಗಂತೂ ಇಡೀ ಅಧ್ಯಯನದ ತಿರುಳು ಇಲ್ಲೇ ಇದೆ ಅನಿಸುತ್ತದೆ. ಈ ಗಂಡಸರು ಎಡವಿದರು, ಒಂದಲ್ಲ ಹಲವು ಸಲ ಎಡವಿದರು. ಮಾರನೇ ದಿನ ಮಾತ್ರ ಎಂದಿನ ಕೆಲಸಕ್ಕೆ ಹೋದರು. ಎಡವಿದ ಮೇಲೆ ವಾಪಸ್ ಬರಲು ಅವರಿಗೊಂದು ಬದುಕು ಇತ್ತು.

ಆ ಬದುಕಿನಲ್ಲಿ ಹೆರಾಯಿನ್‌ಗೆ ಜಾಗ ಮಾಡುವುದು ಸುಲಭ ಇರಲಿಲ್ಲ. ಅಮೆರಿಕದಲ್ಲಿ ಅದು ದುಬಾರಿ, ಬಹುಪಾಲು ಕಲಬೆರಕೆ. ಸೇದಿದರೆ ಏನೂ ಆಗದು, ಸೂಜಿಯೇ ಬೇಕು. ಪೊಲೀಸರ ಭಯ ಬೇರೆ. ಸೂಜಿ ಎಂದೊಡನೆ ಎಷ್ಟೋ ಜನಕ್ಕೆ ಹಿಂಜರಿಕೆ. ವಿಯೆಟ್ನಾಂನಲ್ಲಿ ಸಿಗರೇಟು ಸೇದುತ್ತಿದ್ದ ಸಿಪಾಯಿ, ಊರಿನಲ್ಲಿ ಸೂಜಿ ಚುಚ್ಚಿಕೊಳ್ಳುವ ನಶೆಕೋರ ಆಗಬೇಕಿತ್ತು. ತನ್ನನ್ನು ತಾನು ಹಾಗೆ ನೋಡಿಕೊಳ್ಳಲು ಬಹಳ ಜನ ಸಿದ್ಧರಿರಲಿಲ್ಲ ಅಂತ ನನ್ನ ಊಹೆ. ಚಟದ ಹೆಸರನ್ನು ಅವರು ಊರಿಗೆ ತಂದಿರಲೇ ಇಲ್ಲ. ಅದು 'ಅಲ್ಲಿದ್ದಾಗ' ಮಾಡಿದ್ದು.

ರಾಬಿನ್ಸ್ ಇನ್ನೊಂದು ಕಡೆಗೂ ಬೆರಳು ತೋರಿಸಿದರು. ಹೆರಾಯಿನ್ ಬಿಡಲಾಗದು ಎಂಬ ನಂಬಿಕೆ ಬಂದದ್ದೆಲ್ಲಿಂದ? ಆಸ್ಪತ್ರೆಗೆ ಬಂದವರಿಂದ. ತಾವಾಗಿ ಬಿಟ್ಟವರು ಆಸ್ಪತ್ರೆಗೆ ಬರುವುದೇ ಇಲ್ಲ, ಹಾಗಾಗಿ ವೈದ್ಯರ ಕಣ್ಣಿಗೆ ಬೀಳುವುದೂ ಇಲ್ಲ. ಮರಳಿದ ಸೈನಿಕರಲ್ಲಿ ಚಿಕಿತ್ಸೆಗೆ ಹೋದ ಕೆಲವರನ್ನಷ್ಟೇ ನೋಡಿದರೆ, ಅವರಲ್ಲಿ ಮತ್ತೆ ಚಟಕ್ಕೆ ಬಿದ್ದವರ ಪ್ರಮಾಣ ಹಳೆಯ ಆಸ್ಪತ್ರೆಗಳ ಲೆಕ್ಕದ ಹಾಗೇ ಜಾಸ್ತಿ ಇತ್ತು. ಚಿಕಿತ್ಸೆ ದಂಡ ಅಂತ ಇದನ್ನು ಓದಬಾರದು. ಬೇರೆ ದಾರಿಯಿಂದ ಬಿಡಲಾಗದವರೇ ಕೊನೆಗೆ ಅಲ್ಲಿಗೆ ಹೋಗುತ್ತಾರೆ.

ಬಾಟಲಿಗೆ ಮರಳಿದವರು, ಹಳೇ ಬೀದಿಗೆ ಮರಳಿದವರು

ಇಷ್ಟೆಲ್ಲ ಹೇಳಿದ ಮೇಲೆ ಖುಷಿಯಿಂದ ಮುಗಿಸಬಹುದಿತ್ತು. ಆದರೆ ಇದೇ ಗುಂಪಿನವರ ಕುಡಿತದ ಬಗ್ಗೆ ರಾಬಿನ್ಸ್ ಮತ್ತು ಸಂಗಡಿಗರು 1975ರಲ್ಲಿ ಬರೆದದ್ದನ್ನೂ ನೋಡಬೇಕು. ವಿಯೆಟ್ನಾಂನಲ್ಲಿ ಹೆರಾಯಿನ್ ಹಿಡಿದವರು ಅಲ್ಲಿ ಕುಡಿತ ಕಡಿಮೆ ಮಾಡಿದ್ದರು. ಊರಿಗೆ ಬಂದು ಹೆರಾಯಿನ್ ಬಿಟ್ಟ ಮೇಲೆ ಕುಡಿತ ಮತ್ತೆ ಏರಿತು. ಒಂದು ಹೋದ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಕುಡಿತಕ್ಕೆ ಊರಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಅಂಗಡಿ ಹತ್ತಿರ, ಬೆಲೆ ಕೈಗೆಟಕುವಂಥದ್ದು, ಗೆಳೆಯರು ಪಕ್ಕದಲ್ಲೇ. ಯಾರೂ ಅದನ್ನು ಚಟ ಎನ್ನುವುದೂ ಇಲ್ಲ. ವಿಯೆಟ್ನಾಂನಲ್ಲಿ ಹೆರಾಯಿನ್‌ಗೆ ಏನೇನು ಅನುಕೂಲ ಇತ್ತೋ, ಅಮೆರಿಕದಲ್ಲಿ ಅವೆಲ್ಲ ಹೆಂಡಕ್ಕೆ ಇದ್ದವು.

ನಮ್ಮಲ್ಲಿ 2007ರ ಜುಲೈ 1ರಿಂದ ಸರಾಯಿ ನಿಷೇಧ ಆಯಿತು. ಪಾಕೆಟ್ ಸರಾಯಿ ಅಂಗಡಿ ಮುಚ್ಚಿತು. ಸ್ವಲ್ಪ ದಿನದಲ್ಲಿ ಅದೇ ಜನ ಅಗ್ಗದ ವಿಸ್ಕಿ, ಬ್ರಾಂದಿಯ ಕಡೆ ತಿರುಗಿದ್ದನ್ನು ಹಳ್ಳಿಯಲ್ಲಿದ್ದವರು ಕಣ್ಣಾರೆ ಕಂಡಿದ್ದಾರೆ. ಒಂದು ಬಾಗಿಲು ಮುಚ್ಚಿದಾಗ ಪಕ್ಕದ ಬಾಗಿಲು ತೆರೆದೇ ಇದ್ದರೆ ಹೀಗೇ ಆಗುವುದು.

ಇನ್ನು ಮತ್ತೆ ಚಟಕ್ಕೆ ಸಿಕ್ಕಿದ ಆ ನೂರಕ್ಕೆ 12 ಮಂದಿ ಯಾರು? ಸೇನೆಗೆ ಸೇರುವ ಮೊದಲೇ ನಶೆ ಕಂಡಿದ್ದವರಿಗೆ, ಹುಡುಗಾಟದ ವಯಸ್ಸಲ್ಲೇ ಶಾಲೆ, ಪೊಲೀಸು ಅಂತ ತಕರಾರು ಮಾಡಿಕೊಂಡಿದ್ದವರಿಗೆ ಊರಿಗೆ ಬಂದ ಮೇಲೂ ಅಪಾಯ ಜಾಸ್ತಿ ಇತ್ತು. ಹುಟ್ಟುಗುಣದ ಗಾದೆಯವರು ಇಲ್ಲಿ ತಲೆಯಾಡಿಸಬಹುದು. ನನಗೆ ಬೇರೆ ಥರ ಕಾಣುತ್ತದೆ. ಬೇರೆಯವರಿಗೆ ಊರು ಎಂದರೆ ನಶೆ ಇಲ್ಲದ ಜಾಗ. ಇವರಿಗೆ ಊರೇ ನಶೆ ಕಲಿತ ಜಾಗ. ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕೂತು ಬಂದ ಇಬ್ಬರಲ್ಲಿ ಒಬ್ಬ ಹಳೆಯದನ್ನು ಬಿಟ್ಟು ಬರುತ್ತಿದ್ದ, ಇನ್ನೊಬ್ಬ ಹಳೆಯದಕ್ಕೇ ಹೋಗುತ್ತಿದ್ದ.

ವಿಮಾನ ಇಲ್ಲದವರಿಗೆ

ಈ ಪ್ರಕರಣವನ್ನು ನಮ್ಮ ಬದುಕಿಗೆ ತರುವಾಗ ಬರುವ ಮೊದಲ ತೊಡಕು ಇದೇ. ನಮಗೆ ಯಾರೂ ವಿಮಾನ ಕಳಿಸುವುದಿಲ್ಲ. ಕುಡಿತ ಬಿಡಬೇಕು ಎನ್ನುವವನು ಅದೇ ಮನೆಯಲ್ಲಿ, ಅದೇ ಬೀದಿಯಲ್ಲಿ, ಅದೇ ಕೂಲಿ, ಅದೇ ಜೊತೆಯವರ ನಡುವೆ ಇದ್ದುಕೊಂಡೇ ಬಿಡಬೇಕು. ಸಿಗರೇಟು ಬಿಡಬೇಕು ಎನ್ನುವವನಿಗೆ ಆಫೀಸಿನ ಗೇಟಿನ ಹೊರಗಿನ ಚಹಾ ಅಂಗಡಿ ದಿನಾ ಕಣ್ಣಿಗೆ ಬೀಳುತ್ತದೆ. ಅವರ ಸ್ಥಿತಿ ಸೈನಿಕರಿಗಿಂತ ಲೆಕ್ಸಿಂಗ್ಟನ್ ರೋಗಿಗಳಿಗೆ ಹತ್ತಿರ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಹಳ್ಳಿ ಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರ ಗೊತ್ತಿರಬಹುದು. ವಾರದ ಮಟ್ಟಿಗೆ ಕುಡುಕರನ್ನು ಒಂದು ಕಡೆ ಸೇರಿಸಿ ಇಟ್ಟುಕೊಳ್ಳುವುದು ನೋಡಿದರೆ ಜಾಫಿಯ ವಾರ ನೆನಪಾಗುತ್ತದೆ. ಆದರೆ ಶಿಬಿರದಿಂದ ಹೋಗುವುದು ಅದೇ ಊರಿಗೆ. ಆ ಊರಲ್ಲಿ ಬಿಟ್ಟವರನ್ನೆಲ್ಲ ಸೇರಿಸಿ 'ನವಜೀವನ ಸಮಿತಿ' ಮಾಡುತ್ತಾರೆ, ಅವರು ಆಗಾಗ ಕೂತು ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಏರ್ಪಾಡಿನಲ್ಲಿ ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯ. ಊರು ಬದಲಿಸಲು ಆಗದಿದ್ದರೆ, ಊರೊಳಗೆ ಸಂಜೆ ಹೊತ್ತು ಹೋಗಿ ಕೂರಲು ಬೇರೆ ಜಗಲಿ ಬೇಕಲ್ವಾ?

ಎಚ್ಚರಿಕೆಯ ಮಾತೊಂದು ಇಲ್ಲಿ ಹೇಳಲೇಬೇಕು. ಹೆರಾಯಿನ್ ಒಮ್ಮೆಲೇ ನಿಲ್ಲಿಸಿದರೆ ನರಕಯಾತನೆ ಆಗುತ್ತದೆ, ಆದರೆ ಆರೋಗ್ಯವಂತ ಯುವಕ ಆ ಯಾತನೆಯಿಂದ ಸಾಯುವುದು ಅಪರೂಪ. ಕುಡಿತ ಹಾಗಲ್ಲ. ವರ್ಷಗಟ್ಟಲೆ ದಿನಾ ಬೆಳಗ್ಗೆಯಿಂದ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಿಸಬಹುದು, ಜೀವಕ್ಕೂ ಕುತ್ತು ಬರಬಹುದು. ಅಂಥವರನ್ನು ಮನೆಯಲ್ಲಿ ಕೋಣೆಗೆ ಹಾಕಿ ಬಿಡಿಸಲು ಹೋಗಬೇಡಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಇಲ್ಲವೇ ಹತ್ತಿರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಇನ್ನು ಅಷ್ಟು ದೊಡ್ಡದಲ್ಲದ ಅಭ್ಯಾಸಗಳು. ರಾತ್ರಿ ಒಂದರ ತನಕ ಮೊಬೈಲು, ಊಟ ಆದೊಡನೆ ಗುಟ್ಕಾ, ನಾಳೆ ಮಾಡೋಣ ಎಂದು ತಳ್ಳುವ ಚಾಳಿ. ಇವುಗಳ ವಿಷಯದಲ್ಲಿ ಸಣ್ಣ ಪುಟ್ಟ ವಿಮಾನಗಳು ಎಲ್ಲರ ಬದುಕಲ್ಲೂ ಬರುತ್ತವೆ. ಮನೆ ಬದಲಾಯಿಸುವುದು, ವರ್ಗಾವಣೆ, ಹೊಸ ಕೆಲಸ, ಬಾಣಂತನಕ್ಕೆ ತವರಿಗೆ ಹೋಗುವುದು. ಅಮೆರಿಕದ ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಜೊತೆಗಾರರು 2005ರಲ್ಲಿ ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಸೇರಿದ ವಿದ್ಯಾರ್ಥಿಗಳನ್ನು ಗಮನಿಸಿದ್ದರು. ವ್ಯಾಯಾಮ, ಪೇಪರ್ ಓದುವುದು, ಟಿವಿ ನೋಡುವುದು ಇಂಥ ಅಭ್ಯಾಸಗಳು ಸುತ್ತಲಿನ ಸನ್ನಿವೇಶ ಹಿಂದಿನಂತೆಯೇ ಇದ್ದ ಕಡೆ ಉಳಿದವು. ಸನ್ನಿವೇಶ ಬದಲಾದ ಕಡೆ ಅವರು ತಾವು ಅಂದುಕೊಂಡ ಪ್ರಕಾರ ನಡೆದರು. ಗಮನಿಸಿ, ಹೀಗೆ ಹೋಗುವಾಗ ಒಳ್ಳೆಯ ಅಭ್ಯಾಸವೂ ಉದುರಿಬಿಡುತ್ತದೆ. ಊರಲ್ಲಿ ದಿನಾ ಬೆಳಗ್ಗೆ ವಾಕಿಂಗ್ ಹೋಗುತ್ತಿದ್ದ ಅಪ್ಪ ಬೆಂಗಳೂರಿನ ಮಗನ ಫ್ಲ್ಯಾಟಿಗೆ ಬಂದ ಮೇಲೆ ಸೋಫಾ ಬಿಟ್ಟು ಏಳದಿರುವುದು ಇದಕ್ಕೇ. ಸಾಮಾನು ಇಳಿಸಿದ ಮೊದಲ ವಾರದಲ್ಲಿ ಯಾವುದನ್ನು ಎಲ್ಲಿ ಇಡುತ್ತೇವೆ, ಸಂಜೆ ಎಲ್ಲಿಗೆ ಹೋಗುತ್ತೇವೆ ಎಂಬುದರಲ್ಲೇ ಮುಂದಿನ ವರ್ಷದ ದಿನಚರಿ ಅರ್ಧ ಗಟ್ಟಿಯಾಗಿರುತ್ತದೆ. ಹೊಸ ಮನೆಗೆ ಹೋದ ಮೇಲೆ ನಿಧಾನಕ್ಕೆ ನೋಡೋಣ ಎನ್ನುವವರು ಈ ಅವಕಾಶ ಕಳೆದುಕೊಳ್ಳುತ್ತಾರೆ.

ರಾಬಿನ್ಸ್ 2009ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ, 1990ರ ದಶಕದಲ್ಲಿ, ಅದೇ ವಿಶ್ವವಿದ್ಯಾಲಯದ ರೂಮಿ ಪ್ರೈಸ್ ಮತ್ತು ತಂಡ ಅದೇ ಗುಂಪಿನವರನ್ನು ಮತ್ತೆ ಹುಡುಕಿ 25 ವರ್ಷದ ಕಥೆ ಕೇಳಿತು. ನಶೆಯ ಚಟ ಇದ್ದವರಲ್ಲಿ ಬಹುಪಾಲು ಜನ ಅಷ್ಟರಲ್ಲಿ ಬಿಟ್ಟಿದ್ದರು. ಕೆಲವರು ಬೇಗ, ಕೆಲವರು ಬಹಳ ತಡವಾಗಿ. ಹೆಚ್ಚಿನವರು ತಮ್ಮಷ್ಟಕ್ಕೆ ತಾವೇ ಬಿಟ್ಟಿದ್ದರು. 1971ರಲ್ಲಿ ಇವರನ್ನು ನೋಡಿ ಬೆಚ್ಚಿದವರು ಊಹಿಸಿದ್ದು ಇದನ್ನಲ್ಲ.